ಕಪ್ಪು-ಬಿಳುಪಿಗಾಗಿ ನಾನು ತೊಡೆ ತಟ್ಟಿದ್ದು

ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ಫಜೀತಿಗಳು ಕರೆಯದೇ ಬರುತ್ತವೆ. ಗಿರಾಕಿಯನ್ನು ನಗಿಸಿ ಫೋಟೋ ತೆಗೆಯುವುದು ನನ್ನ ಕಸುಬು. ನನ್ನನ್ನು ನೋಡಿ ನಗುವುದು ರೋಣದ ಪೇಟೆಯ ಕಸುಬು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಿರಿಯರ ಹಳೇ ಕಪ್ಪು-ಬಿಳುಪು ಫೋಟೋ ದೊಡ್ಡದು ಮಾಡಿಸಲು ಜನ ಹುಬ್ಬಳ್ಳಿಗೆ ಓಡುತ್ತಿದ್ದರು. ನಾನು ಒಂದು ಇಂಕ್‌ಜೆಟ್ ಪ್ರಿಂಟರ್ ತಂದೆ, ಬೋರ್ಡಿನ ಮೇಲೆ ಬರೆಸಿದೆ: 'ಹಿರಿಯರ ಕಪ್ಪು-ಬಿಳುಪು ಫೋಟೋ ಇಲ್ಲಿಯೇ ದೊಡ್ಡದು ಮಾಡಿಕೊಡಲಾಗುವುದು. ಹುಬ್ಬಳ್ಳಿಗೆ ಹೋಗಬೇಡಿ.'

ಎದುರಿನ ಚಹಾದಂಗಡಿಯವನು ಓದಿ, "ಆ ಕಡೀ ಸಾಲು ಯಾಕ ಬೇಕಿತ್ರಿ?" ಅಂದ.

"ಬೇಕಿತ್ತು," ಅಂದೆ. ಅಂದಿನಿಂದ ನನ್ನ ಮರ್ಯಾದೆ ಆ ಒಂದು ಸಾಲಿಗೆ ಜೋತುಬಿತ್ತು.

ಹಸಿರು ಅಜ್ಜ

ಮೊದಲ ಗಿರಾಕಿ ಅಬ್ಬಿಗೇರಿಯ ರೈತ. ತೀರಿಹೋದ ಅಜ್ಜನ ಫೋಟೋ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಖುಷಿಯಾಗಿ ಹೊರಗೆ ಹೋದ. ಹೋದಷ್ಟೇ ಲಗೂನೆ ತಿರುಗಿ ಬಂದ.

"ಅಣ್ಣಾರ, ನಮ್ಮ ಅಜ್ಜ ಹಸರ ಆಗ್ಯಾನ!"

"ಒಳಗ ಬರ್ರಿ," ಅಂದೆ. ಒಳಗೆ ಬಂದರೆ ಅಜ್ಜ ಸರಿಯಾದ ಕಪ್ಪು-ಬಿಳುಪು. ಬಿಸಿಲಿಗೆ ಹಿಡಿದರೆ ತೊಂಡೆಕಾಯಿ ಬಣ್ಣ. ಆಮೇಲೆ ತಿಳಿಯಿತು, ಈ ಪ್ರಿಂಟರ್ ಬೂದು ಬಣ್ಣವನ್ನು ಕೆಂಪು, ಹಳದಿ, ನೀಲಿ ಶಾಯಿ ಕಲಸಿ ಮಾಡುತ್ತದೆ. ಆ ಕಲಸುಮೇಲೋಗರ ಬೆಳಕು ಬದಲಾದರೆ ತಾನೂ ಬಣ್ಣ ಬದಲಿಸುತ್ತದೆ. ಆದರೆ ಅವತ್ತು ಸೋಲು ಒಪ್ಪಲು ನನ್ನ ನಾಲಿಗೆ ತಯಾರಿರಲಿಲ್ಲ.

"ಫೋಟೋ ಸರಿ ಐತ್ರಿ. ಬಿಸಿಲ ಸರಿ ಇಲ್ಲ."

ಆತ ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. "ನಮ್ಮ ಅಜ್ಜ ಜೀವಮಾನೆಲ್ಲಾ ಬಿಸಿಲಾಗ ದುಡದಾಂವ್ರಿ. ಈಗ ಸತ್ತ ಮ್ಯಾಲೆ ಟ್ಯೂಬ್‌ಲೈಟ್ ಕೇಳ್ತಾನೇನು?"

ಬರೀ ಕಪ್ಪು

ಪ್ರಿಂಟರ್ ಮಾರಿದವನಿಗೆ ಫೋನ್ ಮಾಡಿ ಜಗಳ ತೆಗೆದೆ. ಆತ ತಣ್ಣಗೆ, "ಬಣ್ಣದ ಶಾಯಿ ಬಂದ್ ಮಾಡ್ರಿ. ಬರೀ ಕಪ್ಪ ಶಾಯಿಲೆ ತಗೀರಿ. ಹಸರ ಎಲ್ಲಿಂದ ಬರ್ತತಿ?" ಅಂದ. ಮಾತು ಖರೇ ಅನ್ನಿಸಿತು.

ಆಗ ಬಂದವರು ನರಗುಂದದ ನಿವೃತ್ತ ಮಾಸ್ತರರು, ಜೊತೆಗೆ ಅವರ ಹೆಂಡತಿ. ಮಾಸ್ತರರ ಹರೆಯದ ಫೋಟೋ ದೊಡ್ಡದಾಗಬೇಕಿತ್ತು. ತೆಗೆದೆ. ಹಸಿರಿಲ್ಲ, ಕೆಂಪಿಲ್ಲ. ಆದರೆ ಬರೀ ಕಪ್ಪು ಶಾಯಿಯಿಂದ ತಿಳಿ ಬೂದು ಮಾಡಬೇಕೆಂದರೆ ಪ್ರಿಂಟರ್ ಅಲ್ಲೊಂದು ಇಲ್ಲೊಂದು ಚುಕ್ಕೆ ಉದುರಿಸುತ್ತದೆ. ಮಾಸ್ತರರ ಗಲ್ಲದ ತುಂಬ ಸಾಸಿವೆ.

"ಅಯ್ಯ, ಇವ್ರಿಗೆ ಸಿಡಬು ಯಾವಾಗ ಬಂದಿತ್ರಿ?" ಅಂದರು ಆ ತಾಯಿ.

"ದೂರ ನಿಂತು ನೋಡ್ರಿ ಅಮ್ಮಾರ," ಅಂದೆ. ಅವರು ಹಿಂದೆ ಸರಿದರು. "ಇನ್ನೂ ದೂರ," ಅಂದೆ. ಬಾಗಿಲು ದಾಟಿದರು, ರಸ್ತೆ ದಾಟಿದರು, ಚಹಾದಂಗಡಿಯ ಬೆಂಚಿನ ಪಕ್ಕ ನಿಂತು ಅಲ್ಲಿಂದಲೇ ಕೂಗಿದರು:

"ಈಗ ಭಾಳ ಚಲೋ ಕಾಣಸ್ತತ್ರಿ! ಆದ್ರ ಅದು ಯಾರು ಅಂತ ಗೊತ್ತಾಗವಲ್ತು!"

ಚಹಾದಂಗಡಿಯವನು ನನ್ನ ಬೋರ್ಡಿನ ಕಡೆ ಬೆರಳು ಮಾಡಿ, "ಆ ಸಾಲಿಗೆ ಸುಣ್ಣಾ ಬಳೀರಿ," ಅಂದ. ಬಳಿಯಲಿಲ್ಲ. ಪೇಂಟರನನ್ನು ಕರೆಸಿ ಆ ಸಾಲನ್ನು ಇನ್ನೂ ದಪ್ಪ ಮಾಡಿಸಿದೆ.

ದವಾಖಾನೆ

ಮತ್ತೆ ಬಣ್ಣದ ಶಾಯಿಗೇ ಬಂದೆ. ಕಂಪ್ಯೂಟರ್ ಮುಂದೆ ಕೂತು ಫೋಟೋದ ಹಸಿರು ಇಳಿಸಿದೆ. ಇಳಿಸಿದರೂ ನನ್ನ ಕಣ್ಣಿಗೆ ಇನ್ನೂ ಹಸಿರೇ. ಮತ್ತೆ ಇಳಿಸಿದೆ. ಒಯ್ದವರೆಲ್ಲ ತಿರುಗಿ ಬಂದು, "ಇವ್ರಿಗೆ ಪೌಡರ್ ಯಾಕ ಬಡದೀರಿ?" ಎಂದು ಜಗಳ ಮಾಡಿದರು. ಅವರ ಮನೆಯಲ್ಲಿ ಫೋಟೋ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತಂತೆ!

ಬುತ್ತಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಏನ್ರಿ, ನಿಮ್ಮ ಬಿಳೀ ಅಂಗೀನೂ ಹಸರ ಕಾಣಾಕತ್ತೈತಿ," ಅಂದಳು. ನೋಡಿಕೊಂಡೆ. ಹೌದು. ನಡುವೆ ಬಂದ ದೀಪಾವಳಿಗೆಂದು ಅಂಗಡಿಯ ಗೋಡೆಗಳಿಗೆ ಗಿಳಿಹಸಿರು ಆಯಿಲ್ ಪೇಂಟ್ ಹೊಡೆಸಿದ್ದೆ. ಅದರ ಛಾಯೆ ಎಲ್ಲದರ ಮೇಲೂ ಬೀಳುತ್ತಿತ್ತು. ಈ ಸಲ ನಾನು ಜಗಳಾಡಿದ್ದು ಫೋಟೋದ ಜೊತೆಗಲ್ಲ, ಗೋಡೆಯ ಜೊತೆಗೆ.

ಬಿಡುತ್ತೇನೆಯೇ? ಗೋಡೆ, ಛಾವಣಿ, ಬಾಗಿಲು, ಕುರ್ಚಿ, ಎಲ್ಲಕ್ಕೂ ಬಿಳಿ ಬಳಿಸಿದೆ. ಮರುದಿನವೇ ಮುಶಿಗೇರಿಯ ಅಜ್ಜಿಯೊಬ್ಬಳು ಒಳಗೆ ಬಂದು, ಫೋಟೋ ತೆಗೆಸುವವರ ಸ್ಟೂಲಿನ ಮೇಲೆ ಕೂತು, "ರಾತ್ರಿಯಿಂದ ಹೊಟ್ಟಿ ಸರಿ ಇಲ್ರಿ ಡಾಕ್ಟರ್," ಎಂದು ನಾಲಿಗೆ ಚಾಚಿದಳು. ಸುಳ್ಳು ಯಾಕೆ ಹೇಳಲಿ, ಆ ಬಿಳಿ ಗೋಡೆಗಳ ನಡುವೆ ನಾಲಿಗೆಯ ಬಣ್ಣ ಮಾತ್ರ ಕರಾರುವಾಕ್ಕಾಗಿ ಕಾಣುತ್ತಿತ್ತು.

ಗಜೇಂದ್ರಗಡದ ಯಜಮಾನರು

ಕೆಲವು ವರ್ಷಕ್ಕೆ ಕಪ್ಪಿನ ಜೊತೆ ಬೂದು ಶಾಯಿಗಳೂ ಇರುವ ಪ್ರಿಂಟರ್ ಬಂತು. ಕಲಸುವ ಗೊಡವೆಯೇ ಕಡಿಮೆ. ಒಂದು ಫೋಟೋ ತೆಗೆದು ಬಿಸಿಲಲ್ಲಿ, ನೆರಳಲ್ಲಿ, ಬಲ್ಬಿನ ಕೆಳಗೆ ಹಿಡಿದೆ. ಎಲ್ಲಿ ಹಿಡಿದರೂ ಅದೇ ಬಣ್ಣ! ಅದನ್ನು ಎತ್ತಿಕೊಂಡು ಚಹಾದಂಗಡಿಯ ಮುಂದೆ ಎರಡು ಸುತ್ತು ಹೊಡೆದೆ. "ಗೆದ್ರಿ ಬಿಡ್ರಿ," ಅಂದ ಆತ.

ಅಷ್ಟಕ್ಕೆ ನನಗೆ ಸಮಾಧಾನವಿಲ್ಲ. ನನ್ನ ಕೈಯಿಂದ ಹೊರಬಿದ್ದ ಹಸಿರು ಮುಖ ಈ ಸೀಮೆಯಲ್ಲಿ ಒಂದೂ ಉಳಿಯಬಾರದು! ಹಳೇ ಪ್ರಿಂಟರಿನಲ್ಲಿ ಗಜೇಂದ್ರಗಡದ ನೇಕಾರ ಯಜಮಾನರೊಬ್ಬರ ಫೋಟೋ ಮಾಡಿಕೊಟ್ಟಿದ್ದೆ; ಅವರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು. ಅದನ್ನೇ ಹೊಸದಾಗಿ ಪ್ರಿಂಟ್ ತೆಗೆದು, ಫ್ರೇಮ್ ಹಾಕಿಸಿ, ಮುಂಜಾನೆಯ ಬಸ್ಸಿಗೆ ಹೋದೆ.

ಮಗ್ಗದ ಮೇಲಿನ ಗೋಡೆಯಲ್ಲಿ ಯಜಮಾನರು ಹಸಿರಾಗಿ ಕೂತಿದ್ದರು. "ನೋಡ್ರಿ ಅಮ್ಮಾರ, ಹ್ಯಾಂಗ ಹಸರ ಆಗ್ಯಾರ," ಅಂದೆ.

"ಮುಂಜಾನೆ ಹಂಗ ಇರ್ತಾರ ತಮ್ಮಾ," ಅಂದರು ಅವರ ಹೆಂಡತಿ. "ಸಂಜಿಗೆ ಬಲ್ಬ್ ಹಚ್ಚಿದ ಮ್ಯಾಲೆ ಕೆಂಪಗಾಗ್ತಾರ."

ಹೊಸ ಫೋಟೋವನ್ನು ಅಂಗಳಕ್ಕೆ ಒಯ್ದು ತೋರಿಸಿದೆ, ಬಲ್ಬ್ ಹಾಕಿ ತೋರಿಸಿದೆ. "ಎಲ್ಲೆ ಇಟ್ರೂ ಒಂದ ಬಣ್ಣ!"

ಅವರು ಬಹಳ ಹೊತ್ತು ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. "ಚಲೋ ಐತಿ. ಆದ್ರ ಇವ್ರು ನಮ್ಮ ಮನಿಯವ್ರಲ್ಲ. ಅವ್ರು ಮುಂಜಾನೆ ಮಾರಿ ಗಂಟ ಹಾಕ್ಕೊಂಡ ಏಳ್ತಿದ್ರು. ಸಂಜಿಗೆ ಸೀರಿ ಮುಗೀತಂದ್ರ ಮಾರಿ ಕೆಂಪಗಾಗಿ ನಗ್ತಿದ್ರು. ಲಗ್ನಾದಾಗಿಂದ ಒಂದ ಬಣ್ಣದಾಗ ಇದ್ದದ್ದ ನಾ ಕಂಡಿಲ್ಲ."

"ನನ್ನ ಮರ್ಯಾದಿ ಪ್ರಶ್ನೆ ಐತ್ರಿ!" ಎಂದು ನಾನೂ ಹಟಕ್ಕೆ ಬಿದ್ದು, ಸ್ಟೂಲ್ ಎಳೆದು ಹತ್ತಿ, ಹಳೇ ಫೋಟೋಕ್ಕೆ ಕೈ ಚಾಚಿದೆ.

"ಏ ತಮ್ಮಾ, ಇಳಿ ಕೆಳಗ!" ಎಂದು ಚೀರಿದರು ಆ ತಾಯಿ. "ಈಗ ಸಿಟ್ಟಿನಾಗ ಅದಾರ. ಏನ ಮಾತಿದ್ರೂ ಸಂಜಿಗೆ ಬಾ!"