ಆಷಾಢದಲ್ಲಿ ನನ್ನ ಗಂಡನನ್ನು ಎಳೆದು ತರುತ್ತಿದ್ದ ಶ್ರೀಯುತ ಬೋಂಡ ಅವರ ಮೇಲೊಂದು ದೂರು

ಗೆ,
ಶ್ರೀಯುತ ಬೋಂಡ ಅವರು,
ಮನೆಯ ಹಿರಿಯ ನಾಯಿ,
ಶ್ರೀ ತಿಮ್ಮರಾಯಪ್ಪನವರ ಮನೆ, ಜರಗನಹಳ್ಳಿ, ಬೆಂಗಳೂರು.

ಮಾನ್ಯರೇ,

ತಮ್ಮ ಒದ್ದೆ ಮೂಗಿನಿಂದ ಹಿಡಿದು ಒಂದು ಕ್ಷಣವೂ ಸುಮ್ಮನಿರದ ಬಾಲದ ತುದಿಯವರೆಗೆ, ಆ ಮನೆಯ ಹೊಸ ಸೊಸೆಯಾದ ನಾನು ಕೋಣನಕುಂಟೆಯ ತವರುಮನೆಯಿಂದ ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ನನ್ನ ಗಂಡ ಚಿರಂತ್ ಪ್ರತಿದಿನ ಫೋನಿನಲ್ಲಿ ಮೊದಲು ತಮ್ಮ ಕ್ಷೇಮವನ್ನೇ ಹೇಳುತ್ತಾರೆ. ನಾನು ಮಾತ್ರ ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣರೆಂದು ಅತ್ಯಂತ ವಿನಯದಿಂದ, ಆದರೆ ಬಹಿರಂಗವಾಗಿ, ತಿಳಿಸಬೇಕಾಗಿ ಬಂದಿದೆ. ಬಹಿರಂಗವಾಗಿ ಏಕೆಂದರೆ, ಖಾಸಗಿಯಾಗಿ ಕೊಟ್ಟ ಕಾಗದವನ್ನು ತಾವು ಓದುವ ಮೊದಲೇ ತಿಂದುಬಿಡುತ್ತೀರಿ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ನನ್ನ ಚಿಕ್ಕಮ್ಮಂದಿರೆಲ್ಲ ಈಗ ಭುಜದಿಂದ ಕೆಳಗೆ ಮಾತ್ರ ಇದ್ದಾರೆ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ನನಗೆ ಬಾಯಿಪಾಠವಾಗಿರುವ ಪತ್ರವೆಂದರೆ ಜ್ವರ ಬಂದಿದೆ, ರಜೆ ದಯಪಾಲಿಸಿ ಎಂದು ಹೆಡ್ ಮೇಡಮ್ಮಿಗೆ ಬರೆಯುತ್ತಿದ್ದದ್ದು ಮಾತ್ರ. ಆದ್ದರಿಂದ ಎಲ್ಲಾದರೂ ನಾನು ತಮ್ಮನ್ನು ರಜೆ ಬೇಡುತ್ತಿರುವಂತೆ ಕಂಡರೆ, ಕೋಪಿಸಿಕೊಳ್ಳದೆ ಮಂಜೂರು ಮಾಡಿಬಿಡಬೇಕು.

ದೂರಿಗೆ ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಧರ್ಮ. ತಮ್ಮ ತಾಯಿಯವರು ಜರಗನಹಳ್ಳಿ ಬಸ್‌ಸ್ಟಾಪಿನ ಖಾಯಂ ನಿವಾಸಿ, ತಂದೆಯವರು ಜೆ.ಪಿ. ನಗರದ ಯಾವುದೋ ಬಂಗಲೆಯ ಲ್ಯಾಬ್ರಡಾರ್ ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ಎರಡು ಸಂಸ್ಕೃತಿಗಳ ಸಂಗಮವನ್ನು ನಾನು ಗೃಹಪ್ರವೇಶದ ದಿನವೇ ಕಂಡೆ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ನಾನು ಬಲಗಾಲಿನಿಂದ ಮೆಲ್ಲಗೆ ಒದೆಯುವ ಮೊದಲೇ ತಾವು ನಾಲ್ಕೂ ಕಾಲಿನಿಂದ ಒದ್ದು, ಮುಂಗಾಲೆರಡನ್ನೂ ನನ್ನ ಧಾರೆ ಸೀರೆಯ ಮೇಲೆ ಊರಿ, ಗಲ್ಲ ನೆಕ್ಕಿ ಒಳಗೆ ಬರಮಾಡಿಕೊಂಡಿರಿ. “ಹಾರ್ಬೇಡ್ವೋ ಬೋಂಡಾ, ಹೊಸ ಸೀರೆ ಕಣೋ!” ಎಂದು ಅತ್ತೆ ಗೌರಮ್ಮನವರು ಕೂಗಿದರು. ಗ್ಯಾಸ್ ಸಿಲಿಂಡರ್ ತರುವವರ ಮೇಲೂ ತಾವು ಹೀಗೆಯೇ ಹಾರುತ್ತೀರೆಂದು ಆಮೇಲೆ ತಿಳಿಯಿತಾದರೂ, ಅದು ನನಗೊಬ್ಬಳಿಗೇ ಸಂದ ಪ್ರೀತಿಯೆಂದು ನಾನು ಇಂದಿಗೂ ನಂಬಿದ್ದೇನೆ.

ಬೀಗರ ಊಟದ ದಿನವಂತೂ ತಾವು ಎಲೆಯಿಂದ ಬೆಂದ ಮೂಳೆಯೊಂದನ್ನು ಕದ್ದು, ಅದನ್ನು ಗಂಟಲಿಗೆ ಸಿಕ್ಕಿಸಿಕೊಂಡು, ರೇಷ್ಮೆ ಬಟ್ಟೆಯಲ್ಲಿದ್ದ ನಮ್ಮಿಬ್ಬರನ್ನೂ ನಾಯಿ ಡಾಕ್ಟರ ಬಳಿಗೆ ಓಡಿಸಿದಿರಿ. ಬೇರೆ ನವದಂಪತಿಗಳು ಊಟಿಗೆ ಹೋಗುತ್ತಾರೆ. ನಮ್ಮ ಮೊದಲ ಜೋಡಿ ಪ್ರಯಾಣ ಆಟೋದಲ್ಲಿ ತಮ್ಮ ಬಾಯಿ ಅಗಲಿಸಿ ಹಿಡಿದುಕೊಂಡೇ ಆಯಿತು. ಮೇಲ್ದವಡೆ ಚಿರಂತ್ ಹಿಡಿದಿದ್ದರು, ಕೆಳದವಡೆ ನಾನು. ಇವರನ್ನೇ ಮದುವೆಯಾಗಿ ಒಳ್ಳೆಯದಾಯಿತೆಂದು ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ, ತಮ್ಮ ಕೋರೆಹಲ್ಲುಗಳ ನಡುವಿನಿಂದ ಅವರ ಮುಖ ನೋಡಿದಾಗ.

ಹೀಗೆ ಸುಖವಾಗಿದ್ದಾಗ ಆಷಾಢ ಬಂತು. ತಾವು ಕ್ಯಾಲೆಂಡರನ್ನು ನೋಡುವವರಲ್ಲ, ಹರಿಯುವವರು, ಆದ್ದರಿಂದ ವಿವರಿಸುತ್ತೇನೆ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಬಾರದು, ಸೊಸೆಯಾದವಳು ತಿಂಗಳು ಮುಗಿಯುವವರೆಗೆ ತವರಿನಲ್ಲಿರಬೇಕು. ನನ್ನ ತವರಾದರೋ ಅದೇ ಕನಕಪುರ ರಸ್ತೆಯಲ್ಲಿ, ಬಸ್ಸಿನಲ್ಲಿ ಸೀಟು ಹುಡುಕುವಷ್ಟರಲ್ಲಿ ಬಂದುಬಿಡುವ ಕೋಣನಕುಂಟೆ. ಆದರೂ ಅತ್ತೆ ಮಡಿಲು ತುಂಬಿ, ದೇಶಾಂತರ ಹೊರಟವಳನ್ನು ಕಳಿಸುವಂತೆ ಕಳಿಸಿದರು. “ನೋಡಮ್ಮಾ, ಆಷಾಢ ಕಳಿಯೋಗಂಟ ನೀನು ಈ ಕಡೆ ತಲೆ ಹಾಕಂಗಿಲ್ಲ, ಅವನು ಆ ಕಡೆ ಬರಂಗಿಲ್ಲ. ಫೋನಲ್ಲಿ ಎಷ್ಟು ಬೇಕಾದ್ರೂ ಮಾತಾಡ್ಕಳಿ, ಅದುಕ್ಕೆ ಶಾಸ್ತ್ರ ಇಲ್ಲ” ಎಂದರು.

ಫೋನಿನಲ್ಲಿ ಮಾತಾಡಿ ತೃಪ್ತರಾಗಲು ನಾವೇನು ಕಸ್ಟಮರ್ ಕೇರ್‌ನವರೇ? ಆದರೆ ನಮ್ಮಿಬ್ಬರ ಆಫೀಸೂ ಮನೆಯೊಳಗಿನ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಚಿರಂತ್ ಅವರಿಗೆ ಹೊರಬೀಳಲು ಒಂದು ನೆಪ ಬೇಕಿತ್ತು, ಆ ನೆಪವೇ ತಾವು. ಅದುವರೆಗೆ ತಮ್ಮ ಚೈನು ಯಾವ ಮೊಳೆಗೆ ನೇತಾಡುತ್ತದೆಂದೂ ತಿಳಿಯದಿದ್ದ ಮನುಷ್ಯ, ಮರುದಿನದಿಂದಲೇ ಬೆಳಿಗ್ಗೆ ಎದ್ದು ತಮ್ಮನ್ನು ವಾಕಿಂಗಿಗೆ ಕರೆದೊಯ್ಯತೊಡಗಿದರು. ಮದುವೆಯಾದ ಮೇಲೆ ಮಗನಿಗೆ ಜವಾಬ್ದಾರಿ ಬಂತೆಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡರು. ಜವಾಬ್ದಾರಿಯು ಪ್ರತಿದಿನ ಕೋಣನಕುಂಟೆಯ ಕಡೆಗೇ ನಡೆದುಬಂದು, ಮಾರಯ್ಯನವರ ಎಳನೀರು ಗಾಡಿಯ ಹಿಂದೆ, ಮುಖಕ್ಕೆಲ್ಲ ದುಪ್ಪಟ್ಟಾ ಸುತ್ತಿಕೊಂಡು ಸ್ಕೂಟರಿನ ಮೇಲೆ ಕೂತಿರುತ್ತಿದ್ದ ನನ್ನ ಪಕ್ಕದಲ್ಲಿ ನಿಲ್ಲುತ್ತಿತ್ತು. ನಾವು ಎಳನೀರು ಕುಡಿದು, ಒಳಗಿನ ಗಂಜಿಯನ್ನು ತಮಗೆ ತಿನ್ನಿಸುತ್ತಿದ್ದೆವು. ಲೋಕದ ಕಣ್ಣು ತಪ್ಪಿಸುವ ಭರದಲ್ಲಿ, ಚೈನು ಎಂದರೆ ಗಂಜಿ, ಗಂಜಿ ಎಂದರೆ ನಾನು ಎಂಬ ಪಾಠವನ್ನು ಸಾಕ್ಷಿಯಾದ ತಮಗೇ ಹೇಳಿಕೊಡುತ್ತಿದ್ದೇವೆಂದು ಎರಡು ಡಿಗ್ರಿಗಳಿರುವ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ಮಂಗಳವಾರ ಚಿರಂತ್ ಅವರಿಗೆ ಬೆಳಿಗ್ಗೆಯೇ ಆಫೀಸಿನ ಮೀಟಿಂಗು ಬಂದು, ನನಗೆ ಮೆಸೇಜು ಹಾಕಲೂ ಪುರಸೊತ್ತಾಗಲಿಲ್ಲ. ತಾವು ಬಾಗಿಲ ಬಳಿ ಕುಯ್‌ಗುಡುವುದನ್ನು ಕೇಳಲಾರದೆ ಅತ್ತೆಯವರೇ ಚೈನು ತೆಗೆದುಕೊಂಡು, ಜಾರದಿರಲೆಂದು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡರು. ನಾಯಿಯ ಚೈನನ್ನು ಕೈಗೆ ಸುತ್ತಿಕೊಳ್ಳಬಾರದೆಂದು ತಮಗಾದರೂ ಗೊತ್ತಿತ್ತಲ್ಲವೇ? ತಾವು ಒಂದು ಮಾತು ಹೇಳಬಹುದಿತ್ತು. ಅದರ ಬದಲು ತಾವು ಹೊರಟಿರಿ. ದಿನವೂ ಕಾಲೆತ್ತಿ ಗೌರವ ಸಲ್ಲಿಸುತ್ತಿದ್ದ ಕರೆಂಟ್ ಕಂಬಗಳನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ, ಬೀದಿನಾಯಿಗಳು ಕರೆದರೂ ನಿಲ್ಲಲಿಲ್ಲವಂತೆ. ಮಂಡಿನೋವೆಂದು ಮೆಟ್ಟಿಲು ಹತ್ತದ ಅತ್ತೆಯವರು “ನಿಲ್ಲೋ, ನಿಲ್ಲೋ” ಎನ್ನುತ್ತಾ ಮೆಟ್ರೊ ಕಂಬಗಳ ಸಾಲಿನುದ್ದಕ್ಕೂ ತಮ್ಮ ಹಿಂದೆ ಓಡಿ, ಮಾರಯ್ಯನವರ ಗಾಡಿಯನ್ನು ಹಿಡಿದುಕೊಂಡು ಏದುಸಿರು ಬಿಟ್ಟರು.

ಮಾರಯ್ಯನವರು ಪಾಪ ಒಳ್ಳೆಯ ಮನಸ್ಸಿನಿಂದಲೇ, “ಏನಮ್ಮಾ, ಬೋಂಡ ಇವತ್ತು ನಿಮ್ಮನ್ನ ಕರ್ಕೊಂಡ್ ಬಂದವ್ನಾ? ಅಣ್ಣ ಎಲ್ಲಿ? ಅಕ್ಕ ಆವಾಗಿಂದ ಕಾಯ್ತಾವ್ರೆ” ಎಂದು, ಮುಖ ಮುಚ್ಚಿಕೊಂಡು ಕೂತಿದ್ದ ನನ್ನ ಕಡೆಗೆ ಮಚ್ಚು ತೋರಿಸಿದರು. ಅತ್ತೆಯವರ ಮುಖ ಕೆಂಪಾಯಿತು. “ಯಾವಳೇ ನೀನು? ನನ್ ಮಗನಿಗೆ ಮದ್ವೆ ಆಗೈತೆ, ಗೊತ್ತೇನೇ? ನನ್ ಸೊಸೆ ಚಿನ್ನ ಕಣೇ, ಚಿನ್ನ! ಅವಳ ಕಾಲ್ ಧೂಳಿಗೂ ನೀನು ಸಮ ಇಲ್ಲ!” ಅತ್ತೆಯವರು ನನ್ನನ್ನು ಹೊಗಳಿದ್ದು ಅದೇ ಮೊದಲು, ಬೈದದ್ದೂ ಅದೇ ಮೊದಲು, ಎರಡನ್ನೂ ಒಂದೇ ಉಸಿರಿನಲ್ಲಿ ಸ್ವೀಕರಿಸುತ್ತಾ ನಾನು ದುಪ್ಪಟ್ಟಾದೊಳಗೆ ಬೆವರಿದೆ. ಹೊಗಳಿಕೆಯನ್ನು ಇನ್ನೂ ಸ್ವಲ್ಪ ಕೇಳಿಸಿಕೊಂಡು ಜಾಗ ಖಾಲಿ ಮಾಡುವುದೆಂದು ಸ್ಕೂಟರಿನ ಕೀಗೆ ಕೈ ಹಾಕಿದ್ದೆ. ಅಷ್ಟರಲ್ಲಿ ತಾವು ಗೃಹಪ್ರವೇಶದ ದಿನದಂತೆಯೇ ಹಾರಿ, ದುಪ್ಪಟ್ಟಾವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಗಲ್ಲ ನೆಕ್ಕಿದಿರಿ.

“ಅಯ್ಯೋ ನಿನ್ನ, ನೀನಾ!” ಎಂದು ಅತ್ತೆಯವರು ಅಲ್ಲೇ ಕಲ್ಲಿನ ಮೇಲೆ ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಚೈನು ಬಿಡಿಸಿದಾಗ ಮಣಿಕಟ್ಟು ಪೂರಿಯಂತೆ ಊದಿತ್ತು, ಬಳೆ ಕತ್ತರಿಸಿ ತೆಗೆಯಬೇಕಾಯಿತು. ಆಗ ನನಗೂ ನಗು ಬರಲಿಲ್ಲ.

ಸಂಜೆ ಮಾವನವರು ಆ ಕೈ ನೋಡಿ ತೀರ್ಪು ಕೊಟ್ಟರಂತೆ: “ಸಾಕು ಇದರ ಸಾವಾಸ. ಭಾನುವಾರ ಗೊಟ್ಟಿಗೆರೆ ಸೈಟಿಗೆ ಬಿಟ್ಬರ್ತೀನಿ, ಶೆಡ್ ಕಾಯ್ಕೊಂಡು ಬಿದ್ದಿರ್ಲಿ.” ಸೋಫಾ ಬಿಟ್ಟು ಬೇರೆಲ್ಲೂ ಮಲಗದ, ಗುಡುಗಿದರೆ ಫ್ರಿಜ್ಜಿನ ಹಿಂದೆ ಅಡಗುವ ತಾವು ಸಿಮೆಂಟ್ ಮೂಟೆಗಳ ನಡುವೆ ಒಬ್ಬರೇ ಮಲಗುವುದನ್ನು ನೆನೆದು ನಾನು ಆ ದಿನ ಊಟ ಬಿಟ್ಟೆ. ತಾವು ಬಿಟ್ಟಿರಲಿಲ್ಲವೆಂದು ಚಿರಂತ್ ಹೇಳಿದರು.

ತಮ್ಮನ್ನು ಉಳಿಸಿದ್ದು ಊದಿದ ಕೈಯವರೇ. “ಎಳೆಯೋದು ಅದರ ತಪ್ಪಾ ರೀ? ದಿನಾ ಗಂಜಿ ತಿನ್ಸಿ ಕಲ್ಸವ್ರೆ. ಕಲ್ಸಿದ್ದನ್ನ ಬಿಡಿಸಕ್ಕಾಗಲ್ವಾ?” ಎಂದು ವಾದಿಸಿ, ಮುಂದಿನ ಭಾನುವಾರದವರೆಗೆ ವಾಯಿದೆ ಪಡೆದರು. ಅಷ್ಟರೊಳಗೆ ಎಳೆಯದೆ ನಡೆಯಲು ಕಲಿತರೆ ಮನೆ, ಇಲ್ಲದಿದ್ದರೆ ಗೊಟ್ಟಿಗೆರೆ. ಚಿರಂತ್ ಅವರಿಗೆ ಗೇಟು ದಾಟುವುದೂ ನಿಷೇಧವಾಯಿತು, ಅವರು ಚಪ್ಪಲಿ ಮೆಟ್ಟಿದರೆ ಸಾಕು, ಅಡುಗೆಮನೆಯಿಂದ ಅತ್ತೆಯವರ “ಎಲ್ಲಿಗೋ?” ಕೇಳಿಸುತ್ತದೆ. ನನಗೆ ಮಾತ್ರ ಅತ್ತೆಯವರೇ ಫೋನು ಮಾಡಿ, “ನೀನು ನಾಳೆ ಬಾ. ಒಂದೇ ಹೊಸ್ಲು ದಾಟಂಗಿಲ್ಲ ಅಷ್ಟೆ, ರೋಡಿಗೆ ಎಲ್ಲೈತೆ ಹೊಸ್ಲು?” ಎಂದರು.

ಹೀಗೆ ನಾನು ಗಂಡನಿಗಾಗಿ ಕಾಯುತ್ತಿದ್ದ ಜಾಗಕ್ಕೆ ತಾವು ದಿನವೂ ಅತ್ತೆಯವರನ್ನು ಕರೆತರತೊಡಗಿದಿರಿ. ಚೈನು ಬಿಗಿಯಾದ ಕ್ಷಣ ನಾವು ಕಂಬದಂತೆ ನಿಂತುಬಿಡುವುದು. ಸಡಿಲವಾಗಿ ತಾವು ತಿರುಗಿ ನೋಡಿದ ಕ್ಷಣ ಒಂದು ಚೂರು ಗಂಜಿ ಕೊಡುವುದು. ಮೊದಲ ದಿನ ಗಾಡಿಯಿಂದ ಪಕ್ಕದ ಬೇಕರಿಗೆ ಹೋಗುವಷ್ಟರಲ್ಲಿ ಮಾರಯ್ಯನವರ ಅರ್ಧ ವ್ಯಾಪಾರ ಮುಗಿದಿತ್ತು. ತಾವು ಬಿಗಿದು ನಿಂತಾಗಲೆಲ್ಲ ನಾವಿಬ್ಬರೂ ನಿಂತಲ್ಲೇ ಮಾತಾಡಿದೆವು. ತಾನು ಮದುವೆಯಾದ ಮೊದಲ ಆಷಾಢದಲ್ಲಿ ಮಾವನವರು ತನ್ನ ತವರಿಗೆ ಹಾಲು ಹಾಕುವ ನೆಪದಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರೆಂದು ಅತ್ತೆ ಹೇಳಿದ್ದು ಅಲ್ಲೇ. ತಾವು ಸುಲಭವಾಗಿ ಕಲಿತಿದ್ದರೆ ನಮಗೆ ಇಷ್ಟು ಸ್ನೇಹವಾಗುತ್ತಿರಲಿಲ್ಲ. ಅದಕ್ಕೆ ಕೃತಜ್ಞತೆಗಳು.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮಾನ್ಯರೇ, ತಾವು ಎಳೆಯದೆ ನಡೆದರೆ ಸಾಕೆಂದು ನಾವು ಕೇಳಿಕೊಂಡಿದ್ದೆವು. ಇಷ್ಟು ಒಳ್ಳೆಯವರಾಗಿ ಎಂದು ಯಾರು ಕೇಳಿದ್ದರು? ಭಾನುವಾರ ಮಾವನವರು ಪರೀಕ್ಷೆಗೆಂದು ಕರೆದೊಯ್ದಾಗ ತಾವು ಅವರ ಪಂಚೆಯ ಅಂಚಿಗೆ ಅಂಟಿಕೊಂಡು ನಡೆದಿರಂತೆ. ಅವರು ಬಾಡಿಗೆದಾರರನ್ನು ಮಾತಾಡಿಸಲು ನಿಂತಲ್ಲೆಲ್ಲ ಕೂತು, ಹೊರಟಾಗ ಎದ್ದು, ಬೆಕ್ಕು ಅಡ್ಡ ಬಂದರೂ ನೋಡಲಿಲ್ಲವಂತೆ. ಮಾವನವರು ಎದೆಯುಬ್ಬಿಸಿಕೊಂಡು ಬಂದು, “ನಿನ್ ಮಗನಿಗಿಂತ ಇದೇ ವಾಸಿ ಕಣೇ, ಹೇಳಿದ್ ಮಾತು ಕೇಳುತ್ತೆ. ಇನ್ಮೇಲೆ ನಾನೇ ಕರ್ಕೊಂಡ್ ಹೋಗ್ತೀನಿ” ಎಂದುಬಿಟ್ಟರು. ಗೊಟ್ಟಿಗೆರೆ ತಪ್ಪಿತು. ಚೈನು ಮಾವನವರ ಕೈ ಸೇರಿತು. ಮಾವನವರು ನಡೆಯುವುದು ಬಾಡಿಗೆಗೆ ಕೊಟ್ಟ ಮನೆಗಳ ಕಡೆಗೆ, ಕೋಣನಕುಂಟೆಗೆ ಬೆನ್ನು ಹಾಕಿ. ಅತ್ತೆಯವರು ಒಬ್ಬರೇ ಅಷ್ಟು ದೂರ ನಡೆಯಲಾರರು, ಚಿರಂತ್ ಅವರಿಗೆ ನೆಪವೇ ಉಳಿದಿಲ್ಲ. ನಿನ್ನೆ ಗಾಡಿಯ ಹಿಂದೆ ನಾನೊಬ್ಬಳೇ ಕೂತಿದ್ದಾಗ ಮಾರಯ್ಯನವರು, “ಏನಕ್ಕಾ, ಇವತ್ತು ನಾಯೀನೂ ಬರ್ಲಿಲ್ವಾ?” ಎಂದರು. ಆ “ನಾಯೀನೂ” ಎಂಬುದು ನನ್ನ ಎದೆಗೆ ನಾಟಿತು.

ಆದ್ದರಿಂದ ನನ್ನ ವಿನಮ್ರ ಕೋರಿಕೆ ಇಷ್ಟೇ. ನಾಳೆ ಬೆಳಿಗ್ಗೆ ಬಾಡಿಗೆ ಮನೆಗಳ ತಿರುವಿನಲ್ಲಿ ತಾವು ಸುಮ್ಮನೆ ಕೂತುಬಿಡಿ. ಎಳೆಯಬೇಡಿ, ಮಾವನವರಿಗೆ ವಯಸ್ಸಾಗಿದೆ. ಬೊಗಳಬೇಡಿ, ಬಾಡಿಗೆದಾರರಿಗೆ ಹೆದರಿಕೆಯಾಗುತ್ತದೆ. ಕೋಣನಕುಂಟೆಯ ಕಡೆ ಮುಖ ಮಾಡಿ, ಬೀಗರ ಊಟದಲ್ಲಿ ಎಲೆಗಳನ್ನು ನೋಡುತ್ತಿದ್ದ ಆ ಮುಖವನ್ನೇ ಮಾಡಿ ಕೂತಿರಿ. ಮಾವನವರು ಬೈಯುತ್ತಾರೆ, ಬಿಸ್ಕತ್ತು ತೋರಿಸುತ್ತಾರೆ, ಏಳಬೇಡಿ. ಕೊನೆಗೆ ಬೇಸತ್ತು, ಫೋನು ಮಾಡಿ ಮಗನನ್ನು ಅಲ್ಲಿಗೇ ಕರೆಸಿ, ಚೈನನ್ನು ಅವರ ಕೈಗೆ ಎಸೆದು, “ತಗೋ, ನೀನೇ ಕರ್ಕೊಂಡ್ ಹೋಗು” ಎನ್ನುತ್ತಾರೆ. ಆಗ ಮಾತ್ರ ಏಳಿ. ದಾರಿಯಲ್ಲಿ ಚೈನು ಸಡಿಲವಾಗಿರಲಿ, ರಸ್ತೆ ದಾಟುವಾಗ ಎರಡೂ ಕಡೆ ನೋಡಿಕೊಳ್ಳಿ, ಅವರು ನೋಡುವುದಿಲ್ಲ.

ತಮ್ಮ ಸದ್ಗುಣಗಳಿಂದ ಸಂಪೂರ್ಣವಾಗಿ ನೊಂದ, ಆದರೂ ತಮ್ಮ ವಿಶ್ವಾಸಿ,
ಇಂಚರ

ಮರೆತ ಮಾತು: ಆಷಾಢ ಕಳೆಯುವ ಭೀಮನ ಅಮಾವಾಸ್ಯೆಗೆ ಹೊಸ ಹೆಂಡತಿಯಾದವಳು ಗಂಡನ ಪಾದಪೂಜೆ ಮಾಡಬೇಕಂತೆ, ಅಮ್ಮ ಈಗಾಗಲೇ ತಯಾರಿ ನಡೆಸಿದ್ದಾರೆ. ಚಿರಂತ್ ಅವರಿಗೆ ಗೇಟು ದಾಟಲು “ಎಲ್ಲಿಗೋ?” ಎಂಬ ಒಂದು ಪ್ರಶ್ನೆಯೇ ಅಡ್ಡಿಯಾಗಿದೆ, ಇಡೀ ಕನಕಪುರ ರಸ್ತೆಯನ್ನು ಲೆಕ್ಕಿಸದೆ ನನ್ನನ್ನು ನೋಡಲು ಓಡಿಬಂದವರು ಆ ಮನೆಯಲ್ಲಿ ಇದುವರೆಗೆ ಒಬ್ಬರೇ. ಅವರಿಗೆ ನಾಲ್ಕು ಪಾದಗಳಿವೆ, ಅರಿಶಿನವನ್ನು ಹೆಚ್ಚಾಗಿಯೇ ತರಿಸಿದ್ದೇನೆಂದು ದಯವಿಟ್ಟು ನಾಳೆ ತಮ್ಮ ಚೈನಿನ ಇನ್ನೊಂದು ತುದಿ ಹಿಡಿದು ಬರುವ ನನ್ನ ಗಂಡನಿಗೆ ತಿಳಿಸಿ.