ಪಿಳ್ಳಮ್ಮ ಸತ್ತ ದಿನ

ನಡುರಾತ್ರಿ ಕಳೆದ ಮೇಲೆ ಗಂಗಣ್ಣನಿಗೆ ಎಚ್ಚರವಾದದ್ದು ಒಂದು ಸಣ್ಣ ಸದ್ದಿನಿಂದ. 'ಸೊರ್' ಎಂದಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ 'ಸೊರ್' ಎಂದಿತು. ಬೆಕ್ಕು ಹಾಲಿಗೆ ಬಾಯಿ ಹಾಕಿದೆ ಎಂದುಕೊಂಡು ಅವನು ಕೈಗೆ ಸಿಕ್ಕಿದ ಚೊಂಬನ್ನು ಕತ್ತಲಿಗೆ ಎಸೆದ. ಚೊಂಬು ಗೋಡೆಗೆ ಬಡಿದು, ಉರುಳಿ, ನಿಂತಿತು. ಆಮೇಲೆ ಮತ್ತೆ 'ಸೊರ್' ಎಂದಿತು. ಸದ್ದು ಬೆಕ್ಕಿನದಲ್ಲ, ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ಮೂಗಿನದು.

"ಯಾಕಮ್ಮಿ, ನೆಗಡಿಯಾ?"

"ಏನಿಲ್ಲ, ಮನಿಕ್ಕಳಿ," ಎಂದಳು ಪಿಳ್ಳಮ್ಮ.

ಸಂಸಾರ ಮಾಡಿದ ಗಂಡಸಿಗೆ ಈ 'ಏನಿಲ್ಲ' ಎಂಬುದು ಎಷ್ಟು ದೊಡ್ಡದೆಂದು ಗೊತ್ತು. ಗಂಗಣ್ಣ ಎದ್ದು ಕೂತ. ದೀಪ ಹಚ್ಚಲಿಲ್ಲ. ಯುದ್ಧ ಶುರುವಾದಾಗಿನಿಂದ ಆವತಿಯಲ್ಲಿ ಸೀಮೆಎಣ್ಣೆ ದೇವಸ್ಥಾನದ ತೀರ್ಥದಂತೆ ಸಿಗುತ್ತಿತ್ತು, ಕಣ್ಣಿಗೊತ್ತಿಕೊಳ್ಳುವಷ್ಟು ಮಾತ್ರ. ಕತ್ತಲಲ್ಲೇ ಕೇಳಿದ, ಮತ್ತೆ ಕೇಳಿದ, ಗದರಿಸಿ ಕೇಳಿದ, ಕೊನೆಗೆ ಬೇಡಿಕೊಂಡ.

"ಸಂಜೆ ಹಿತ್ತಲಲ್ಲಿ ಕಾಗೆ ತಲೆ ಮೇಲೆ ಕೂತ್ಬಿಡ್ತು," ಎಂದಳು ಪಿಳ್ಳಮ್ಮ.

ಕಾಗೆ ತಲೆಯ ಮೇಲೆ ಕೂತರೆ ಯಮ ಮನೆ ಗುರುತು ಮಾಡಿಕೊಂಡು ಹೋದ ಹಾಗೆ. ಪಿಳ್ಳಮ್ಮನಿಲ್ಲದ ಮನೆ ಹೇಗಿರುತ್ತದೆ ಎಂದು ಗಂಗಣ್ಣ ಊಹಿಸಲು ನೋಡಿದ. ಮೊದಲು ಒಲೆ ಕಾಣಿಸಿತು, ಅದರಲ್ಲಿ ಬೂದಿ ಮಾತ್ರ ಇತ್ತು. ಆಮೇಲೆ ಅವಳು ಕೂರುವ ಮೂಲೆ ಕಾಣಿಸಿತು, ಅಲ್ಲಿ ಯಾರೂ ಇರಲಿಲ್ಲ. ಅವನಿಗೆ ಮತ್ತೆ ನಿದ್ದೆ ಬರಲಿಲ್ಲ. ಪಿಳ್ಳಮ್ಮ ಮಾತ್ರ, ಹೇಳಿ ಹಗುರಾದವಳಂತೆ, ಕೂಡಲೇ ಗೊರಕೆ ಹೊಡೆದಳು.

ಬೆಳಗಾಗುವ ಮುಂಚೆಯೇ ಗಂಗಣ್ಣ ಎದುರು ಮನೆಯ ಅಮ್ಮಯಮ್ಮನ ಬಾಗಿಲು ತಟ್ಟಿದ. ಶಾಸ್ತ್ರದ ವಿಷಯದಲ್ಲಿ ಆ ಬೀದಿಗೆಲ್ಲ ಅಮ್ಮಯಮ್ಮಜ್ಜಿಯೇ ಹೈಕೋರ್ಟು. ಅವಳು ಹೇಳುವ ಶಾಸ್ತ್ರಗಳಲ್ಲಿ ಅರ್ಧದಷ್ಟು ಅವಳು ಬಾಯಿ ತೆರೆದ ಗಳಿಗೆಯಲ್ಲೇ ಹುಟ್ಟುತ್ತಿದ್ದವು.

"ಬಲಗಡೆ ಕೂತ್ಕಂತೋ, ಎಡಗಡೇನೋ?" ಎಂದು ಅಜ್ಜಿ ಮನೆಗೆ ಬಂದವಳೇ ಪಿಳ್ಳಮ್ಮನನ್ನು ಕೇಳಿದಳು.

"ನಡುವೆ ಅಜ್ಜಿ."

"ನಡುವೆಯಾ! ಶಿವನೇ!" ಅಜ್ಜಿ ಗಂಗಣ್ಣನತ್ತ ತಿರುಗಿದಳು. "ನೋಡಪ್ಪ, ಇವಳು ಸತ್ತಳು ಅಂತ ಒಡಹುಟ್ಟಿದೋರಿಗೆ ಸುದ್ದಿ ಮುಟ್ಟಿಸ್ಬೇಕು. ಅವರು ನಿಜ ಅಂದ್ಕೊಂಡು ಅಳ್ಬೇಕು. ಕಣ್ಣೀರು ನೆಲಕ್ಕೆ ಬೀಳ್ಬೇಕು. ಬಿದ್ದ ಮೇಲೆ ನಿಜ ಹೇಳು, ದೋಷ ಹೋಯ್ತದೆ. ಅದಕ್ಕೆ ಮುಂಚೆ ಬಾಯಿ ಬಿಟ್ಯೋ, ಕೆಟ್ಟೆ. ಹೊತ್ತು ಮುಳುಗೋದ್ರೊಳಗೆ ಆಗ್ಬೇಕು."

ಪಿಳ್ಳಮ್ಮನ ಒಡಹುಟ್ಟಿದವಳು ಒಬ್ಬಳೇ, ನಲ್ಲೂರಿಗೆ ಕೊಟ್ಟಿದ್ದ ಅಕ್ಕ ಮಾರಕ್ಕ. ಅಕ್ಕತಂಗಿಯರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಾರಣ ಒಂದು ಸಾರು. ನೆಂಟರ ಮದುವೆಯೊಂದರಲ್ಲಿ ಪಿಳ್ಳಮ್ಮ ಅವರೆಕಾಳಿನ ಹಿತಕಿದ ಬೇಳೆಯ ಸಾರು ಮಾಡಿದ್ದಳು. ಮಾರಕ್ಕ ಎಲೆಯ ಮುಂದೆ ಕೂತು, ಪಂಕ್ತಿಗೆಲ್ಲ ಕೇಳುವಂತೆ, "ಇದೇನು ಸಾರೋ, ಕೈ ತೊಳೆದ ನೀರೋ?" ಎಂದಳು. "ಅದು ಗೊತ್ತಾಗ್ಬೇಕಾದ್ರೆ ಕೈ ತೊಳೆಯೋ ಅಭ್ಯಾಸ ಇರ್ಬೇಕು," ಎಂದಳು ಪಿಳ್ಳಮ್ಮ. ಅಂದಿನಿಂದ ದೇವನಹಳ್ಳಿ ಸಂತೆಯಲ್ಲಿ ಇಬ್ಬರೂ ಎದುರಾದರೆ ಒಬ್ಬಳು ಮೆಣಸಿನಕಾಯಿಯ ಸಾಲಿಗೆ ತಿರುಗುತ್ತಿದ್ದಳು, ಇನ್ನೊಬ್ಬಳು ಬೆಲ್ಲದ ಸಾಲಿಗೆ.

"ಅವಳಾ? ನಂಗೋಸ್ಕರ ಅವಳು ಅಳೋದಾ?" ಎಂದಳು ಪಿಳ್ಳಮ್ಮ. "ಬೇಡ ಬಿಡಿ. ನಾನು ಸಾಯ್ತೀನಿ." ಹೀಗೆ ಹೇಳುತ್ತಲೇ ಗಂಡನ ಕೈಗೆ ಬುತ್ತಿಯ ಗಂಟು ಕೊಟ್ಟಳು.

ಅಜ್ಜಿ ಆ ಗಂಟನ್ನು ಕಿತ್ತುಕೊಂಡಳು. "ಹೆಂಡ್ತಿ ಸತ್ತೋನು ಬುತ್ತಿ ಕಟ್ಕಂಡು ಹೋಯ್ತಾನೇನೋ? ಬರಿಗೈಲಿ ಹೋಗು. ಬುತ್ತಿ ನಾನು ನೋಡ್ಕಳ್ತೀನಿ."

ದೇವನಹಳ್ಳಿಯವರೆಗೆ ಇದ್ದಿಲು ಬಸ್ಸು ಸಿಕ್ಕಿತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ಬಸ್ಸುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು, ಕೆಮ್ಮಿನ ಮುದುಕರಂತೆ ಓಡಾಡುತ್ತಿದ್ದವು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಗಂಗಣ್ಣ ಒಲೆಯ ಪಕ್ಕದಲ್ಲೇ ನಿಂತು ತಳ್ಳಿದ್ದರಿಂದ ದೇವನಹಳ್ಳಿ ತಲುಪುವಾಗ ಅವನ ಮುಖ ತವೆಯ ತಳದಂತಾಗಿತ್ತು. ಅದೂ ಒಳ್ಳೆಯದೇ ಎಂದುಕೊಂಡ. ಅಲ್ಲಿಂದ ನಡಿಗೆ. ನಲ್ಲೂರಿನ ಹುಣಸೆ ತೋಪಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ಅಳುವುದನ್ನು ಅಭ್ಯಾಸ ಮಾಡಿದ. ಮರದ ಹಿಂದಿನಿಂದ ಕುರಿ ಕಾಯುವವನೊಬ್ಬ ಎದ್ದು, "ಹೊಟ್ಟೆನೋವಾ ಯಜಮಾನ್ರೆ? ಓಂಕಾಳು ಅಗೀರಿ," ಎಂದ.

ಮಾರಕ್ಕ ಮನೆಯ ಮುಂದೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಂಗಿಯ ಗಂಡನನ್ನು ಕಂಡು ಅವಳ ಕೈ ನಿಲ್ಲಲಿಲ್ಲ.

"ಮಾರಕ್ಕಾ! ಪಿಳ್ಳಮ್ಮ ಹೋಗ್ಬಿಟ್ಳು!" ಎಂದು ಗಂಗಣ್ಣ ಅಂಗಳದಲ್ಲಿ ಕುಸಿದ.

"ಎಲ್ಲಿಗೆ?"

"ಸತ್ತೋದ್ಳು ಮಾರಕ್ಕಾ!"

ಮೊರ ಒಂದು ಸಲ ತಾಳ ತಪ್ಪಿತು. ಮತ್ತೆ ಸರಿಯಾಯಿತು. "ಏನಾಗಿತ್ತು?"

ಗಂಗಣ್ಣ ದಾರಿಯುದ್ದಕ್ಕೂ ದುಃಖವನ್ನು ಸಿದ್ಧಮಾಡಿಕೊಂಡಿದ್ದನೇ ಹೊರತು ಕಾಯಿಲೆಯನ್ನಲ್ಲ. "ಏನೂ ಆಗಿರ್ಲಿಲ್ಲ," ಎಂದ.

"ಏನೂ ಆಗ್ದೆ ಸತ್ಳಾ?"

"ಅವಳ ಸ್ವಭಾವ ನಿಂಗೆ ಗೊತ್ತಲ್ಲ."

"ಗೊತ್ತು," ಎಂದಳು ಮಾರಕ್ಕ. "ಹೇಳ್ದೆ ಕೇಳ್ದೆ ಮಾಡೋದೇ ಅವಳ ಸ್ವಭಾವ."

"ನೀನು ಬಂದ ಮೇಲೇ ಎತ್ತೋದು. ಬಾ ಮಾರಕ್ಕಾ, ಒಂದ್ಸಲ ಅತ್ತುಬಿಡು!"

"ನಾನು ಬರಲ್ಲ, ಅಳೋದೂ ಇಲ್ಲ. ಬದುಕಿದ್ದಾಗ ಮಾತಾಡದೋಳು ಸತ್ತ ಮೇಲೆ ಮಾತಾಡ್ತಾಳಾ?"

ಪಕ್ಕದ ಮನೆಯ ಪಾಪಕ್ಕ ಗೋಡೆ ಹಾರಿಯೇ ಬಂದಳು. ಬಂದವಳೇ ಎದೆ ಎದೆ ಬಡಿದುಕೊಂಡು, ಜನ್ಮದಲ್ಲಿ ನೋಡದ ಪಿಳ್ಳಮ್ಮನಿಗಾಗಿ ಹೊಳೆಯಂತೆ ಅತ್ತಳು. ಅಂಗಳ ಒದ್ದೆಯಾಯಿತು. ಗಂಗಣ್ಣನಿಗೆ ಹೊಟ್ಟೆಯುರಿಯಿತು. ಒಡಹುಟ್ಟಿದವಳದ್ದಲ್ಲದ ಕಣ್ಣೀರು ಕೊಡಗಟ್ಟಲೆ ಸುರಿದರೂ ಏನು ಬಂತು? ಮಾರಕ್ಕನ ಕಣ್ಣು ಮಾತ್ರ ದೇವನಹಳ್ಳಿ ಕೋಟೆಯ ಕಲ್ಲಿನಂತೆ ಒಣಗಿಯೇ ಇತ್ತು. ಸೂರ್ಯ ನೆತ್ತಿಗೆ ಬರುತ್ತಿದ್ದ.

ಗಂಗಣ್ಣನಿಗೆ ಒಂದು ಉಪಾಯ ಹೊಳೆಯಿತು. "ಮಾರಕ್ಕಾ, ಒಂದು ಈರುಳ್ಳಿ ಹೆಚ್ಚಿಕೊಡ್ತೀಯಾ?"

ಪಾಪಕ್ಕನ ಅಳು ಥಟ್ಟನೆ ನಿಂತಿತು. "ಅಯ್ಯೋ ನಿನ್ನ! ಹೆಂಡ್ತಿ ಹೆಣ ಮನೇಲಿ ಮಲಗೈತೆ, ಇವನಿಗೆ ಈರುಳ್ಳಿ ಬೇಕಂತೆ!"

ಮಾರಕ್ಕ ಒಳಗಿನಿಂದ ಒಂದು ತಣ್ಣನೆ ಮುದ್ದೆಯನ್ನೂ ಈರುಳ್ಳಿಯನ್ನೂ ತಂದು, ಅವನ ಮುಂದೆಯೇ ಹೆಚ್ಚಿದಳು. ಒಳ್ಳೆಯ ಘಾಟಿನ ಈರುಳ್ಳಿ. ಗಂಗಣ್ಣ ಕಣ್ಣು ಮೂಗು ಸುರಿಸಿಕೊಂಡು ಅತ್ತ. ಪಾಪಕ್ಕ ಮತ್ತೆ ಅತ್ತಳು. ಕಟ್ಟಿದ್ದ ಎಮ್ಮೆಯೂ ಮುಖ ತಿರುಗಿಸಿತು. ಮಾರಕ್ಕ ಕತ್ತಿ ಒರೆಸಿಟ್ಟು ಮತ್ತೆ ಮೊರ ಹಿಡಿದಳು.

ಅಷ್ಟರಲ್ಲಿ ಮಾರಕ್ಕನ ಗಂಡ ಕೊಂಡಪ್ಪ ಕಣದಿಂದ ಬಂದ. ಸುದ್ದಿ ಕೇಳಿ, ತಲೆಯ ವಸ್ತ್ರ ತೆಗೆದು, ಷಡ್ಡಕನ ಪಕ್ಕದಲ್ಲಿ ಕೂತ. ಎರಡು ಸಲ ನಿಟ್ಟುಸಿರು ಬಿಟ್ಟ. ಮೂರನೆಯದರ ಹೊತ್ತಿಗೆ ಅವನ ಮುಖದಲ್ಲಿ ಬೇರೊಂದು ಯೋಚನೆ ಮೂಡಿತ್ತು.

"ಆದದ್ದು ಆಯ್ತು ಕಣೋ ಗಂಗಣ್ಣ. ಮಕ್ಕಳಿಲ್ಲದ ಮನೆ, ಒಬ್ಬನೇ ಏನು ಮಾಡ್ತೀಯ? ನಮ್ಮ ತಂಗಿ ಲಕ್ಕಮ್ಮ ಐತೆ. ಮಾತು ಸ್ವಲ್ಪ ಒರಟು, ಆದ್ರೆ ರಟ್ಟೇಲಿ ಬಲ ಐತೆ. ನಿಂಗೇನು ವಯಸ್ಸಾಗಿಲ್ಲ."

ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ಗಂಗಣ್ಣ 'ಛೀ, ಬೇಡ' ಎಂದು ಕೈಯೆತ್ತಿದವನು ಹಾಗೆಯೇ ಉಳಿದ. ಮಾರಕ್ಕನ ಮೊರ ನಿಂತುಹೋಗಿತ್ತು. ಅವಳ ಕಣ್ಣಂಚಿನಲ್ಲಿ ಒಂದು ಹೊಳಪು.

ಎತ್ತಿದ ಕೈಯನ್ನು ಗಂಗಣ್ಣ ಮೆಲ್ಲಗೆ ಇಳಿಸಿದ. "ಹುಡುಗಿ ರಾಗಿ ಬೀಸ್ತಾಳಾ?" ಎಂದ.

"ಪಲ್ಲಗಟ್ಟಲೆ ಬೀಸ್ತಾಳೆ!"

"ಹಂಗಾದ್ರೆ ಆಗ್ಲಿ. ಪಿಳ್ಳಮ್ಮನ ಸೀರೆಗಳೆಲ್ಲ ಪೆಟ್ಟಿಗೇಲಿ ಅವೆ, ಲಕ್ಕಮ್ಮನೇ ಉಟ್ಕೊಳ್ಳಲಿ." ಮಾರಕ್ಕನ ಕಣ್ಣಂಚು ತುಂಬಿತು. "ಬಳೆ, ಓಲೆ, ಎಲ್ಲಾ ಅವಳಿಗೇ." ನೀರು ರೆಪ್ಪೆಯವರೆಗೆ ಬಂದು, ಬೀಳದೆ, ಹಟ ಹಿಡಿದು ನಿಂತಿತು.

ಕೊಂಡಪ್ಪ ತಡಮಾಡಲಿಲ್ಲ. ಒಳಗೆ ಹೋಗಿ ವೀಳ್ಯದೆಲೆ, ಅಡಕೆ ಇಟ್ಟ ತಟ್ಟೆ ತಂದು ಅವನ ಕೈಗಿಟ್ಟ. "ತಾಂಬೂಲ ತಗೋ, ಮಾತಾಯ್ತು." ಗಂಗಣ್ಣ ತಗೊಂಡ. ಅವನ ಗಮನವೆಲ್ಲ ಆ ಹನಿಯ ಮೇಲಿತ್ತು. ಇನ್ನೊಂದು ತಳ್ಳು ಸಾಕು. ಪಿಳ್ಳಮ್ಮ ಉಳಿಯುತ್ತಾಳೆ. ಅವನು ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ:

"ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡು. ಪಿಳ್ಳಮ್ಮ ಮಾಡ್ತಿದ್ದ ಸಾರು ಸಾರಾ? ಕೈ ತೊಳೆದ ನೀರು!"

ಮಾರಕ್ಕ ಮೊರ ಹಿಡಿದೇ ಎದ್ದು ನಿಂತಳು. "ನನ್ನ ತಂಗಿ ಸಾರನ್ನ ಬಯ್ಯೋಕೆ ನೀನ್ಯಾವನೋ!" ಎಂದಳು. "ಅವಳ ಕೈ ಸಾರು ತಿನ್ನೋಕೆ ಪುಣ್ಯ ಮಾಡಿರ್ಬೇಕು ಕಣೋ! ಅವತ್ತು ಎರಡು ಸಲ ಬಡಿಸ್ಕೊಂಡು ತಿಂದೆ ನಾನು. ಹೊಟ್ಟೆಕಿಚ್ಚಿಗೆ ಅಂದೆ, ಅವಳಷ್ಟು ಚೆನ್ನಾಗಿ ನಂಗೆ ಬರಲ್ವಲ್ಲ ಅಂತ ಅಂದೆ. ಅದನ್ನ ಅವಳಿಗೆ ಹೇಳೋದ್ರೊಳಗೆ ಹೋಗ್ಬಿಟ್ಳಲ್ಲೋ..." ಕಣ್ಣೀರು ದಳದಳನೆ ಇಳಿಯಿತು.

ಇಳಿದದ್ದು ಮೊರದೊಳಕ್ಕೆ, ರಾಗಿಯ ಮೇಲಕ್ಕೆ.

"ನೆಲಕ್ಕೆ ಮಾರಕ್ಕಾ, ನೆಲಕ್ಕೆ!" ಎಂದು ಗಂಗಣ್ಣ ಹಾರಿ ಮೊರವನ್ನು ಕಿತ್ತುಕೊಂಡ. ರಾಗಿ ಅಂಗಳಕ್ಕೆಲ್ಲ ಚೆಲ್ಲಿತು. ಕಣ್ಣೀರು ಮಣ್ಣಿಗೆ ಬಿತ್ತು. "ಬಿತ್ತು! ಬಿತ್ತು!" ಎಂದು ಅವನು ಕುಣಿದ.

"ಪಾಪ, ತಲೆ ಕೆಡ್ತು," ಎಂದಳು ಪಾಪಕ್ಕ.

ಗಂಗಣ್ಣ ಒಂದೇ ಉಸಿರಿನಲ್ಲಿ ಕಾಗೆಯ ಕತೆಯನ್ನೆಲ್ಲ ಹೇಳಿದ. ಮಾರಕ್ಕ ಅವನ ಕೈಯಿಂದ ಮೊರ ಕಿತ್ತುಕೊಂಡು ಅದರಿಂದಲೇ ಅವನಿಗೆ ಬಾರಿಸಿದಳು. ಬಾರಿಸುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಗಾಡಿ ಕಟ್ಟಿ," ಎಂದಳು ಗಂಡನಿಗೆ.

ಕೊಂಡಪ್ಪ ಗಾಡಿಯೇನೋ ಹೂಡಿದ. ಆದರೆ ದಾರಿಯುದ್ದಕ್ಕೂ ಅವನದು ಒಂದೇ ರಾಗ. "ಅದೆಲ್ಲ ಸರಿ ಗಂಗಣ್ಣ, ತಾಂಬೂಲ ತಗೊಂಡಿದ್ದೀಯಲ್ಲ?"

"ಹೆಂಡ್ತಿ ಬದುಕವಳಲ್ಲೋ!"

"ಅದನ್ನ ಮೊದ್ಲೇ ಹೇಳ್ಬೇಕಿತ್ತು. ಇಬ್ಬರನ್ನ ಕಟ್ಕಂಡೋರು ಊರಲ್ಲಿ ಇಲ್ವಾ?"

ಹೊತ್ತು ಇಳಿಯುವಾಗ ಗಾಡಿ ಆವತಿಗೆ ಬಂತು. ಬಾಗಿಲಲ್ಲಿ ಪಿಳ್ಳಮ್ಮ ನಿಂತಿದ್ದಳು. ಗಾಡಿ ನಿಲ್ಲುವ ಮೊದಲೇ ಮಾರಕ್ಕ ಧುಮುಕಿದಳು.

"ಬದುಕಿದ್ದೀಯೇನೇ, ಪಾಪಿ!"

"ಬಂದ್ಯೇನೇ, ಅಕ್ಕಾ!"

ಇಬ್ಬರೂ ತಬ್ಬಿಕೊಂಡು ಅತ್ತ ಅಳುವಿಗೆ ಬೀದಿಯ ನಾಯಿಗಳೂ ದನಿಗೂಡಿಸಿದವು. ಆಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು ಅಡಿಗೆಮನೆಗೆ ಹೋದರು. ಗಂಗಣ್ಣನ ಕಡೆ ಯಾರೂ ನೋಡಲಿಲ್ಲ. ಪರವಾಗಿಲ್ಲ, ಹೆಂಡತಿಯ ಪ್ರಾಣ ಉಳಿಸಿದ್ದೇನೆ, ಹೊಗಳಿಕೆ ಹೇಗೂ ಬರುತ್ತದೆ, ಎಂದುಕೊಂಡು ಅವನು ಕಾಲು ತೊಳೆಯಲು ಹಿತ್ತಲಿಗೆ ಹೋದ. ಅಡಿಗೆಮನೆಯ ಬೆಳಕಿಂಡಿಯಿಂದ ಮಾತು ಕೇಳಿಸುತ್ತಿತ್ತು.

"ನಿನ್ನ ಸೀರೆ, ಬಳೆ, ಓಲೆ ಎಲ್ಲಾ ಲಕ್ಕಮ್ಮನಿಗೆ ಅಂದ ಕಣೇ," ಎನ್ನುತ್ತಿದ್ದಳು ಮಾರಕ್ಕ. "ತಾಂಬೂಲಾನೂ ತಗೊಂಡ. ಕೇಳಿದ್ರೆ, ನನ್ನನ್ನ ಅಳಿಸಿ ನಿನ್ನ ಪ್ರಾಣ ಉಳಿಸೋಕೆ ಅಂತಾನೆ."

"ನನ್ನ ಪ್ರಾಣಕ್ಕೇನಾಗಿತ್ತು?" ಎಂದಳು ಪಿಳ್ಳಮ್ಮ. ಮತ್ತೆ ದನಿ ತಗ್ಗಿಸಿದಳು. "ಅಕ್ಕಾ, ಯಾರಿಗೂ ಹೇಳ್ಬೇಡ. ಕಾಗೇನೂ ಇಲ್ಲ, ಎಂಥದೂ ಇಲ್ಲ. ಅವರೆಕಾಯಿ ಬಿಡಿಸ್ತಾ ಕೂತಿದ್ದೆ, ನಿನ್ನ ನೆನಪು ಬಂದ್ಬಿಡ್ತು. ನಾನಾಗೇ ಬರೋಕೆ ಮನಸ್ಸು ಒಪ್ಪಲಿಲ್ಲ. ಕರೆದ್ರೆ ನೀನು ಬರಲ್ಲ. ಸಾಯದೆ ಬೇರೆ ದಾರಿ ಇರ್ಲಿಲ್ಲ."

ಗಂಗಣ್ಣನ ಕೈಯ ಚೊಂಬಿನ ನೀರು ಕಾಲಿಗೆ ಬೀಳದೆ ಪಕ್ಕಕ್ಕೆ ಬಿತ್ತು.

ಒಳಗೆ ಮಾರಕ್ಕ ಕಿಸಕ್ಕೆಂದಳು, ಪಿಳ್ಳಮ್ಮ ಕಿಸಕ್ಕೆಂದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆದ್ರೂ ನೋಡಕ್ಕಾ," ಎಂದಳು ಪಿಳ್ಳಮ್ಮ, ನಗು ಮುಗಿಸಿ, ಬೇರೆ ದನಿಯಲ್ಲಿ. "ಕಾಗೇನೇ ಇಲ್ಲ ಅಂದ್ಮೇಲೆ ದೋಷಾನೂ ಇಲ್ಲ, ಪ್ರಾಣಕ್ಕೆ ಅಪಾಯಾನೂ ಇಲ್ಲ. ಮತ್ತೆ ಇವರು ಲಕ್ಕಮ್ಮನ್ನ ಒಪ್ಕೊಂಡಿದ್ದು ಯಾಕೆ?"

"ಅದೇ ಮತ್ತೆ!" ಎಂದಳು ಮಾರಕ್ಕ. "ಅವರೆಕಾಯಿ ಮುಗಿಯೋ ತನಕ ನಾನಿಲ್ಲೇ ಇರ್ತೀನಿ. ವಿಚಾರಿಸ್ಕೊಳ್ಳೋಣ."

ಗಂಗಣ್ಣ ಸರಸರನೆ ಬೀದಿಬಾಗಿಲಿಗೆ ಬಂದ. ನ್ಯಾಯ ಕೇಳಲೇಬೇಕು ಎಂದು ಅವನ ರಕ್ತ ಕುದಿಯುತ್ತಿತ್ತು. ಜಗಲಿಯ ಮೇಲೆ ಅಮ್ಮಯಮ್ಮಜ್ಜಿ ಆಗಲೇ ಬಂದು ಕೂತಿದ್ದಳು. ಪಕ್ಕದಲ್ಲಿ ಕೊಂಡಪ್ಪ.

"ಕಣ್ಣೀರು ನೆಲಕ್ಕೆ ಬಿತ್ತಂತಲ್ಲಪ್ಪ, ಒಳ್ಳೇದಾಯ್ತು," ಎಂದಳು ಅಜ್ಜಿ. "ಇನ್ನು ಒಂದು ಉಳೀತು. ಸುಳ್ಳು ಸಾವು ಹೊತ್ಕಂಡು ಹೋದೋನಿಗೆ ಮೈಲಿಗೆ ಅಂಟ್ಕಂಡಿರ್ತದೆ. ಕೆರೇಲಿ ಮುಳುಗಿ, ಒದ್ದೆ ಬಟ್ಟೇಲೇ ಬೆಳಗಾಗೋ ತನಕ ಜಗಲಿ ಮೇಲೆ ಮಲಗ್ಬೇಕು. ಇಲ್ದಿದ್ರೆ ದೋಷ ವಾಪಸು ಬರ್ತದೆ."

ಮಾಗಿಯ ಚಳಿ. ಬೀದಿಯಲ್ಲಿ ಆಗಲೇ ಎಲ್ಲರೂ ಕಂಬಳಿ ಹೊದ್ದಿದ್ದರು.

"ಅಜ್ಜಿ," ಎಂದ ಗಂಗಣ್ಣ. "ಆ ಕಾಗೆ..."

ಪಿಳ್ಳಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ನಗುವಿನಿಂದ ಅವಳ ಮುಖ ಇನ್ನೂ ಕೆಂಪಾಗಿತ್ತು. ಎಷ್ಟೋ ಕಾಲದಿಂದ ಅವನು ಕಾಣದ ಮುಖ ಅದು. ಅವನ ಬಾಯಿಯಿಂದ ಕಾಗೆಯ ಮಾತು ಬಂದದ್ದೇ ಆ ಕೆಂಪು ಒಮ್ಮೆಗೇ ಇಳಿಯಿತು. ನಿಜ ಹೊರಬಿದ್ದರೆ ನಾಳೆಯೊಳಗೆ ಆವತಿ, ದೇವನಹಳ್ಳಿ, ನಲ್ಲೂರೆಲ್ಲ ನಗುತ್ತದೆ. ಆ ನಗೆಗೆ ಹೆದರಿ ಇವಳು ಇನ್ನೊಂದು ಸಲ ಅಕ್ಕನ ಮುಖ ನೋಡಲಾರಳು.

"ಕಾಗೆ ಏನಪ್ಪ?" ಎಂದಳು ಅಜ್ಜಿ.

"ಏನಿಲ್ಲ ಅಜ್ಜಿ. ಭಾರೀ ದೊಡ್ಡದಿತ್ತಂತೆ."

ಕತ್ತಲಾಗುವ ಹೊತ್ತಿಗೆ ಗಂಗಣ್ಣ ಕೆರೆಯಲ್ಲಿ ಕುತ್ತಿಗೆಮಟ್ಟ ನಿಂತಿದ್ದ. ಹಲ್ಲುಗಳು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದವು. ದಡದಲ್ಲಿ ಕೊಂಡಪ್ಪ ಬೀಡಿ ಹಚ್ಚಿದ.

"ಲಕ್ಕಮ್ಮನ ವಿಷಯ ಬೆಳಿಗ್ಗೆ ಮಾತಾಡೋಣ, ಬಿಡು. ಅದಿರ್ಲಿ, ಒಳಗೆ ಅಕ್ಕತಂಗೀರು ಹಂಗೆ ಬಿದ್ದು ಬಿದ್ದು ನಗ್ತಿದ್ರಲ್ಲ, ಏನಂತೆ? ಹಿತ್ತಲಲ್ಲಿ ನಿಂಗೇನಾದ್ರೂ ಕೇಳಿಸ್ತಾ?"

ಗಂಗಣ್ಣ ಷಡ್ಡಕನ ಮುಖವನ್ನು ನೋಡಿದ. ಇವನಿಗೆ ಹೇಳಬಾರದು, ಅಜ್ಜಿಗೆ ಹೇಳಬಾರದು, ಕೇಳಿಸಿಕೊಂಡೆ ಎಂದು ಪಿಳ್ಳಮ್ಮನಿಗಂತೂ ಸಾಯುವ ತನಕ ಹೇಳಬಾರದು.

"ಇಲ್ವಲ್ಲ," ಎಂದು ಅವನು ಮೂಗು ಹಿಡಿದುಕೊಂಡು ಮುಳುಗಿದ.