ಅತ್ತೆ ಕೊಟ್ಟ ಗಸಗಸೆ ಗಿಡ

ನಿಂತುಹೋದದ್ದು ಯಾವುದೇ ಇರಲಿ, ಬಿಚ್ಚಿ ನೋಡದೆ ನಮ್ಮ ವಾಚ್ ರಿಪೇರಿಯವನಿಗೆ ಸಮಾಧಾನವಿಲ್ಲ. ಆ ಭಾನುವಾರ ನಿಂತುಹೋದದ್ದು ಅತ್ತೆ ಕೊಟ್ಟಿದ್ದ ಗಸಗಸೆ ಹೂವಿನ ಗಿಡ.

ಕಾಂಪೌಂಡಿನ ಅಂಚಿನ ಬಿಸಿಲಲ್ಲಿ ಮೊನ್ನೆ ಮೊನ್ನೆ ಅಂಗೈಯಗಲ ಕೆಂಪು ಹೂ ಬಿಟ್ಟು ಮೆರೆದದ್ದು, ಈಗ ಒಂದು ಹಿಡಿ ತರಗೆಲೆ. "ಇದನ್ನ ಒಂದು ವರ್ಷ ಉಳಿಸಿ ತೋರಿಸಿ ಅಳಿಯಂದ್ರೇ, ನನ್ನ ಬೀದಿ ಬದಿ ರೂಮು ನಿಮ್ಮ ಅಂಗಡಿಗೆ" ಎಂದಿದ್ದರು ಅತ್ತೆ. ಫುಟ್‌ಪಾತಿನಲ್ಲಿ ಕೊಡೆಯ ಕೆಳಗೆ ವಾಚು ಬಿಚ್ಚುವವನಿಗೆ ಆ ರೂಮು ಅರಮನೆ. ವರ್ಷ ತುಂಬಿತ್ತು. ಅತ್ತೆಯನ್ನು ಕರೆತರಲು ಹೆಂಡತಿ ಹೋಗಿದ್ದಳು; ಬರುವಷ್ಟರಲ್ಲಿ ಕತ್ತಲಾಗುತ್ತದೆ ಎಂದಿದ್ದಳು.

ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಗೋಡೆಯ ಮೇಲೆ ಗಲ್ಲ ಊರಿದರು. ಕೇಳದೆ ಸಲಹೆ ಕೊಡುವುದರಲ್ಲಿ ಅವರು ಎತ್ತಿದ ಕೈ.

"ಹೋಯ್ತು ಕಣ್ರೀ. ಅಗೆದು ನೋಡಿ, ಬೇರು ಕೊಳೆತಿರತ್ತೆ."

ಬಿಚ್ಚಿ ನೋಡು ಎಂದರೆ ಇವನು ಬಿಡುತ್ತಾನೆಯೇ? ಅಗೆದ, ಎಳೆದ. ಕ್ಯಾರೆಟ್ಟಿನಂಥ ದಪ್ಪ ಬೇರು ಲಟಲಟನೆ ಮುರಿದು ತುಂಡಾಯಿತು. ವಾಚಾಗಿದ್ದರೆ ಜೋಡಿಸಬಹುದಿತ್ತು.

"ಈ ಕಸ ಇಲ್ಲಿ ಕೊಡಿ, ನಾನು ಎಸೀತೀನಿ. ನಿಮ್ಮತ್ತೆ ಕಣ್ಣಿಗೆ ಬೀಳೋದು ಬೇಡ," ಎಂದು ಮೇಷ್ಟ್ರು ಬುಟ್ಟಿ ಚಾಚಿದರು. "ಪ್ಲಾಸ್ಟಿಕ್ ಹೂ ತಂದು ಸಿಗಿಸಿಬಿಡಿ. ಕತ್ತಲಲ್ಲಿ ಯಾರು ನೋಡ್ತಾರೆ?"

ಇಂಥ ನೆರೆಯವರು ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡು ಇವನು ಹೂ ತರಲು ಅಂಗಡಿಗೆ ಓಡಿದ. ಸಿಗಿಸಿದ ಹೂ ಗಾಳಿಗೆ ಮಲಗಿದವು. ವಾಚಿನ ಸ್ಪ್ರಿಂಗ್ ಸುತ್ತಿ ನಿಲ್ಲಿಸಿದರೆ ತಾವಾಗಿಯೇ ತಲೆಯಾಡಿಸತೊಡಗಿದವು. ಎದುರುಮನೆಯಾಕೆ ಬಗ್ಗಿ ಮೂಸಿ, "ವಾಸನೇನೇ ಇಲ್ವಲ್ರೀ" ಎಂದು ಮುಖ ಸಿಂಡರಿಸಿ ಹೋದಳು.

ಅತ್ತೆ ಕತ್ತಲಾಗುವ ತನಕ ಕಾಯಲಿಲ್ಲ. ನಡುಮಧ್ಯಾಹ್ನವೇ ಬಂದಿಳಿದರು.

"ಈ ಬೇಸಿಗೇಲಿ ಹೂ ಬಿಟ್ಟಿದ್ಯಾ ಅಳಿಯಂದ್ರೇ?"

"ಎಲ್ಲಾ ನಿಮ್ಮ ಆಶೀರ್ವಾದ ಅತ್ತೆ. ದಿನಾ ನೀರು ಹಾಕ್ತೀನಿ."

"ಹೂ ಮುಗಿದ ಮೇಲೆ ಇದು ಎಲೆ ಒಣಗಿಸ್ಕೊಂಡು ಮಣ್ಣೊಳಗೆ ಮಲಗಿಬಿಡತ್ತೆ. ಸೆಕೆ ಇಳಿದ್ಮೇಲೆ ತಾನೇ ಏಳತ್ತೆ. ಏನೂ ಕಾಣಿಸ್ದೇ ಇದ್ದಿದ್ರೆ ರೂಮಿನ ಬೀಗದ ಕೈ ಕೊಟ್ಬಿಡ್ತಿದ್ದೆ." ಅತ್ತೆ ಒಂದು ಹೂ ಹಿಡಿದೆಳೆದರು. ಅದು ಬೆಲೆಯ ಚೀಟಿ ಸಮೇತ ಕೈಗೆ ಬಂತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಮೇಷ್ಟ್ರ ದನಿ: "ನಮಸ್ಕಾರ ಅಮ್ಮಾ! ಬೇರು ತುಂಡು ಮಾಡಿ ನೆಡೋಕೆ ಇದೇ ಕಾಲ ಅಲ್ವಾ?" ಸಾಲು ಕುಂಡಗಳು, ಒಂದೊಂದರಲ್ಲೂ ಒಂದೊಂದು ತುಂಡು. ತಾನೇ ಬುಟ್ಟಿಗೆ ಹಾಕಿಕೊಟ್ಟ ಬೇರನ್ನು ಇವನು ಗುರುತು ಹಿಡಿದ.

ಅತ್ತೆಯ ಮುಖ ಮಾತ್ರ ಅರಳಿತು. "ಗೊತ್ತಿರೋರು ಅಂದ್ರೆ ಹೀಗಿರ್ಬೇಕು! ಒಂದೊಂದು ತುಂಡೂ ಒಂದೊಂದು ಗಿಡ ಆಗತ್ತೆ. ಮೇಷ್ಟ್ರೇ, ನಿಮ್ಮ ಡ್ರಾಯಿಂಗ್ ಕ್ಲಾಸಿಗೆ ಜಾಗ ಬೇಕು ಅಂತಿದ್ರಲ್ಲ, ನನ್ನ ಬೀದಿ ಬದಿ ರೂಮು ನೋಡ್ತೀರಾ?"

ಆಮೇಲೆ ಅಳಿಯನ ಕೈಗೆ ಆ ಪ್ಲಾಸ್ಟಿಕ್ ಹೂ ಇಟ್ಟರು.

"ನೀವು ದಿನಾ ನೀರು ಹಾಕಿ."